ಮಂಡಿಗೆ ಚುಚ್ಚಿದ್ದೇನು ಅಂತ ಒಂದು ಚೀಟಿ ಕೊಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಕೇಳುತ್ತಿರುವುದು ಒಂದೇ ವಿಷಯ. ರಾಜ್ಯದ ಯಾವುದೇ ಖಾಸಗಿ ಆಸ್ಪತ್ರೆ ಅಥವಾ ಕ್ಲಿನಿಕ್ಕಿನಲ್ಲಿ ರೋಗಿಯ ಮಂಡಿಗೋ, ಬೆನ್ನಿಗೋ, ಭುಜಕ್ಕೋ 'ಸ್ಟೆಮ್ ಸೆಲ್' (ಬೇರೆ ಬಗೆಯ ಕೋಶವಾಗಿ ಬದಲಾಗಬಲ್ಲ ಮೂಲಕೋಶ), 'ಜೆಲ್', 'ರೀಜನರೇಟಿವ್' (ಸವೆದದ್ದನ್ನು ಮತ್ತೆ ಬೆಳೆಸುವಂಥದ್ದು) ಅಂತ ಹೇಳಿ ಏನನ್ನಾದರೂ ಚುಚ್ಚಿದರೆ, ಆ ಸಿರಿಂಜಿನಲ್ಲಿ ಇದ್ದದ್ದು ಏನು ಅಂತ ಕನ್ನಡದಲ್ಲಿ ಬರೆದ ಒಂದು ಚೀಟಿ ರೋಗಿಯ ಕೈಗೆ ಸಿಗಬೇಕು. ಕೇಳಿದರೆ ಕೊಡುತ್ತೇವೆ ಅನ್ನುವ ಹಾಗಲ್ಲ, ಕೇಳದಿದ್ದರೂ ಕೊಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಮಂಡಳಿಯೂ ಬೇಡ.

ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಸಿರಿಂಜಿನಲ್ಲಿ ತೆಳ್ಳಗಿದ್ದು ದೇಹದೊಳಗೆ ಹೋದ ಮೇಲೆ ಗಟ್ಟಿಯಾಗುವ ಜೆಲ್‌ಗಳನ್ನು ಮಾಡುವುದು, ಅದರಲ್ಲಿ ಜೀವಕೋಶ ಇಟ್ಟರೆ ಬದುಕುತ್ತವಾ ಅಂತ ನೋಡುವುದು ನನ್ನ ದಿನದ ಕೆಲಸ. ಹಾಗಾಗಿ ಈ ಚಿಕಿತ್ಸೆಗೆ ನಾನು ವಿರೋಧಿ ಅಲ್ಲ. ನನ್ನ ಅನ್ನ ಇದರಲ್ಲೇ ಇದೆ. ಅದಕ್ಕೇ ಜಾಸ್ತಿ ಕಳವಳ.

ಊರಲ್ಲಿ ನಮ್ಮ ದೊಡ್ಡಮ್ಮ ಮಂಡಿ ಸವೆತಕ್ಕೆ ಇಂಥ ಒಂದು ಚಿಕಿತ್ಸೆ ಮಾಡಿಸಿಕೊಂಡರು. ಎಲ್ಲಿ, ಯಾರ ಹತ್ತಿರ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಅವರ ಮಗ ನನಗೆ ವಾಟ್ಸಾಪಿನಲ್ಲಿ ಬಿಲ್ ಕಳಿಸಿ, "ಇದು ನಿನ್ನ ಲೈನೇ ಅಲ್ವಾ, ಸರಿ ಇದೆಯಾ ನೋಡು" ಅಂದ. ನೋಡಿದೆ. ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: 'ರೀಜನರೇಟಿವ್ ಥೆರಪಿ, ಬಲ ಮಂಡಿ, 1'. ಅದರ ಮುಂದೆ ಐದಂಕಿಯ ಮೊತ್ತ. ಕಂಪನಿ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ಔಷಧದ ಹೆಸರೂ ಇಲ್ಲ. ಡಿಸ್ಚಾರ್ಜ್ ಹಾಳೆಯಲ್ಲಿ ಇಂಗ್ಲಿಷಿನಲ್ಲಿ, ಶುಚಿತ್ವ ಪಾಲಿಸಿ ಕೀಲಿಗೆ ಇಂಜೆಕ್ಷನ್ ಕೊಡಲಾಗಿದೆ, ರೋಗಿ ಆರಾಮಾಗಿದ್ದಾರೆ ಅಂತ ಎರಡು ವಾಕ್ಯ. ದೊಡ್ಡಮ್ಮನನ್ನೇ ಫೋನ್ ಮಾಡಿ ಕೇಳಿದೆ. "ಹೊಟ್ಟೆಯಿಂದ ಏನೋ ಕೊಬ್ಬು ತೆಗೆದ್ರು ಕಣೇ. ಒಂದು ಗಂಟೆ ಕೂರಿಸಿ ಆಮೇಲೆ ಮಂಡಿಗೆ ಹಾಕಿದ್ರು. ಜೊತೆಗೆ ಜೆಲ್ ಅಂತೆ" ಅಂದರು. ಯಾವ ಜೆಲ್? "ಜೆಲ್ ಅಂದ್ರೆ ಜೆಲ್ಲು, ನಂಗೇನು ಗೊತ್ತು?"

ಅವರಿಗೆ ಗೊತ್ತಿರಬೇಕಾಗಿಲ್ಲ. ಆದರೆ ಬರೆದದ್ದು ಎಲ್ಲೋ ಒಂದು ಕಡೆ ಇರಬೇಕಿತ್ತು. ಅಣ್ಣ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ, "ನಿಮ್ಮಮ್ಮನದೇ ಸೆಲ್ ಸಾರ್, ಸೈಡ್ ಎಫೆಕ್ಟ್ ಇಲ್ಲ. ಜೆಲ್ ನಮ್ಮ ಪ್ರೋಟೋಕಾಲ್." ಅಷ್ಟೇ.

ಆ 'ಜೆಲ್' ಅನ್ನುವ ಎರಡಕ್ಷರದ ಹಿಂದೆ ಎಷ್ಟು ವಿಷಯ ಇದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಚೀಟಿ ಯಾಕೆ ಕೇಳುತ್ತಿದ್ದೇನೆ ಅಂತಲೂ ಗೊತ್ತಾಗುತ್ತದೆ.

ಮಂಡಿಯೊಳಗೆ ಮೂಳೆಗಳ ತುದಿಯಲ್ಲಿ 2ರಿಂದ 4 ಮಿಲಿಮೀಟರ್ ದಪ್ಪದ ನುಣುಪಾದ ಪದರ ಇರುತ್ತದೆ. ಅದೇ ಕಾರ್ಟಿಲೇಜ್, ಮೃದ್ವಸ್ಥಿ. ಅದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ಅದರ ಗಾತ್ರದಲ್ಲಿ ಜೀವಕೋಶಗಳ ಪಾಲು ಶೇ. 1ರಿಂದ 5ರಷ್ಟು ಮಾತ್ರ. ಉಳಿದದ್ದೆಲ್ಲ ಆ ಕೋಶಗಳು ಜೀವಮಾನವಿಡೀ ಕಟ್ಟಿದ ಕೊಲಾಜೆನ್ ಬಲೆ, ಸಕ್ಕರೆ ಸರಪಳಿಗಳು, ನೀರು. ನಾವು ಹೆಜ್ಜೆ ಇಟ್ಟಾಗ ಒತ್ತಡ ಬಿದ್ದು, ಎತ್ತಿದಾಗ ಸಡಿಲವಾಗಿ, ಹಾಗೆ ಕೀಲಿನ ದ್ರವದಿಂದ ಆಹಾರ ಹೀರಿಕೊಳ್ಳುತ್ತದೆ. ಚರ್ಮ ಕೊಯ್ದುಕೊಂಡರೆ ರಕ್ತ ಬರುತ್ತದೆ, ರಿಪೇರಿ ಕೋಶಗಳು ಓಡಿ ಬರುತ್ತವೆ. ಇಲ್ಲಿಗೆ ಯಾರೂ ಓಡಿ ಬರುವುದಿಲ್ಲ, ಬರುವ ದಾರಿಯೇ ಇಲ್ಲ. ಮಂಡಿ ಸವೆದರೆ ಹಿಂದಕ್ಕೆ ಬರದಿರುವುದಕ್ಕೆ ಕಾರಣ ಇದು.

ಹಾಗಾದರೆ ಹೊರಗಿನಿಂದ ಕೋಶ ತಂದು ಹಾಕಿದರೆ? ಈ ಯೋಚನೆ ಹಳೆಯದು, ಒಳ್ಳೆಯದೂ ಹೌದು. ಸ್ವೀಡನ್ನಿನ ವೈದ್ಯರು ರೋಗಿಯದೇ ಮೃದ್ವಸ್ಥಿ ಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಮಂಡಿಯಲ್ಲಿದ್ದ ಗುಳಿಗೆ ವಾಪಸ್ ಹಾಕಿ, 23 ರೋಗಿಗಳ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು. ಆದರೆ ಅವರು ಸುಮ್ನೆ ಕೀಲಿನೊಳಗೆ ಚುಚ್ಚಿ ಬಿಟ್ಟಿರಲಿಲ್ಲ. ಮಂಡಿ ತೆರೆದು, ಗುಳಿಯ ಮೇಲೆ ಮೂಳೆಯ ಹೊರಪೊರೆಯ ತುಂಡೊಂದನ್ನು ಹೊಲಿದು, ಅದರ ಕೆಳಗೆ ಕೋಶ ಬಿಟ್ಟಿದ್ದರು. ಯಾಕೆಂದರೆ ಹಿಡಿದು ನಿಲ್ಲಿಸುವುದು ಏನಾದರೂ ಇಲ್ಲದಿದ್ದರೆ ಕೋಶ ಅಲ್ಲಿ ನಿಲ್ಲುವುದಿಲ್ಲ.

ಬರಿಯ ಉಪ್ಪುನೀರಿನಲ್ಲಿ ಕೋಶ ತೇಲಿಸಿ ಚುಚ್ಚಿದರೆ ಏನಾಗುತ್ತದೆ ಅನ್ನುವುದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಸೂಜಿಯ ಕಿರಿದಾದ ಬಾಯಿಗೆ ನುಗ್ಗುವಾಗಲೇ ಕೋಶಗಳು ಎಳೆದಾಡಿ ಹೋಗುತ್ತವೆ, ಕೆಲವು ಅಲ್ಲೇ ಒಡೆಯುತ್ತವೆ. ಒಳಗೆ ಹೋದ ಮೇಲೆ ಅಂಟಿಕೊಳ್ಳಲು ಜಾಗ ಸಿಗದೆ ಇನ್ನಷ್ಟು ಸಾಯುತ್ತವೆ. ನಮ್ಮ ದೇಹದ ಬಹುತೇಕ ಕೋಶಗಳಿಗೆ ಯಾವುದನ್ನಾದರೂ ಹಿಡಿದುಕೊಂಡಿದ್ದರೆ ಮಾತ್ರ ಜೀವ. ಉಳಿದವು ಉರಿಯೂತಕ್ಕೆ ಸಿಕ್ಕಿಯೋ, ದ್ರವದಲ್ಲಿ ಹರಿದು ಹೋಗಿಯೋ ಕಾಣೆಯಾಗುತ್ತವೆ. ಹೃದಯದ ಸ್ನಾಯುವಿಗೆ ಚುಚ್ಚಿದ ಪ್ರಯೋಗಗಳಲ್ಲಂತೂ ಹತ್ತರಲ್ಲಿ ಒಂಬತ್ತು ಪಾಲು ಕೆಲವೇ ದಿನಗಳಲ್ಲಿ ಇಲ್ಲವಾಗುವುದು ಮಾಮೂಲು. ಅಡಿಕೆ ಸಸಿಯನ್ನು ಬೇರಿನ ಮಣ್ಣೆಲ್ಲ ಕೊಡವಿ ನೆಟ್ಟರೆ ಎಷ್ಟು ಬದುಕೀತು? ಮಣ್ಣಿನ ಹೆಂಟೆಯ ಸಮೇತ ನೆಡುತ್ತೇವೆ ತಾನೇ. ನಮ್ಮ ಜೆಲ್ ಮಾಡಬೇಕಾದದ್ದು ಆ ಹೆಂಟೆಯ ಕೆಲಸ. ಇಂಗ್ಲಿಷಿನಲ್ಲಿ ಸ್ಕ್ಯಾಫೋಲ್ಡ್ ಅನ್ನುತ್ತಾರೆ, ಕೋಶ ಹಿಡಿದು ನಿಲ್ಲುವ ಹಂದರ.

ಇಂಥ ಜೆಲ್ಲುಗಳಲ್ಲಿ ನೂರು ಬಗೆ. ಸಮುದ್ರದ ಕಂದು ಪಾಚಿಯಿಂದ ತೆಗೆಯುವ ಆಲ್ಜಿನೇಟ್ ಒಂದು. ಪುಡಿಯನ್ನು ನೀರಿನಲ್ಲಿ ಕಲಕಿದರೆ ಲೋಳೆ. ಅದನ್ನು ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿ ಬಿಟ್ಟರೆ ಬಿದ್ದ ಕ್ಷಣದಲ್ಲೇ ಒಂದೊಂದು ಹನಿಯೂ ದುಂಡಗಿನ ಮಣಿ ಆಗುತ್ತದೆ. ಬೆರಳಲ್ಲಿ ಒತ್ತಿದರೆ ಪುಟಿಯುತ್ತದೆ. ಲ್ಯಾಬಿಗೆ ಬರುವ ಶಾಲೆ ಮಕ್ಕಳಿಗೆ ನಾವು ಮೊದಲು ತೋರಿಸುವುದೇ ಇದನ್ನು, ಅವರಿಗೆ ಭಾರಿ ಖುಷಿ. ಸಿಗಡಿ, ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಇನ್ನೊಂದು. ಅದನ್ನು ಗ್ಲಿಸರಾಲ್ ಫಾಸ್ಫೇಟ್ ಜೊತೆ ಬೆರೆಸಿದರೆ ತಣ್ಣಗಿರುವಾಗ ದ್ರವ, ಮೈಶಾಖಕ್ಕೆ ಬಂದಾಗ ಗಟ್ಟಿ. ದನದ ಅಥವಾ ಹಂದಿಯ ಚರ್ಮದಿಂದ ಕೊಲಾಜೆನ್, ಜೆಲಟಿನ್. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನಿಂದ ಫೈಬ್ರಿನ್. ಹಯಲುರಾನಿಕ್ ಆಮ್ಲ ನಮ್ಮ ಕೀಲಿನಲ್ಲೇ ಇರುವ ವಸ್ತು. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ತಯಾರಿಸುತ್ತಾರೆ, ಆದರೆ ಹುಂಜದ ಜುಟ್ಟಿನಿಂದ ತೆಗೆದದ್ದೂ ಮಾರುಕಟ್ಟೆಯಲ್ಲಿದೆ.

ವಸ್ತು ಯಾವುದು ಅನ್ನುವುದು ಒಂದು ಪ್ರಶ್ನೆ. ಎಷ್ಟು ಗಟ್ಟಿ ಅನ್ನುವುದು ಅಷ್ಟೇ ದೊಡ್ಡ ಪ್ರಶ್ನೆ. 2006ರಲ್ಲಿ ಅಮೆರಿಕದ ಒಂದು ತಂಡ ಒಂದೇ ಬಗೆಯ ಸ್ಟೆಮ್ ಸೆಲ್‌ಗಳನ್ನು ಬೇರೆ ಬೇರೆ ಬಿಗಿಯ ಜೆಲ್ಲುಗಳ ಮೇಲೆ ಬೆಳೆಸಿ ನೋಡಿತು. ಮಿದುಳಿನಷ್ಟು ಮೆತ್ತಗಿನದರ ಮೇಲೆ ಅವು ನರಕೋಶದ ಲಕ್ಷಣ ತೋರಿಸಿದವು. ಸ್ನಾಯುವಿನಷ್ಟು ಬಿಗಿಯಾದದ್ದರ ಮೇಲೆ ಸ್ನಾಯುವಿನ ಲಕ್ಷಣ. ಇನ್ನೂ ಗಟ್ಟಿಯಾದದ್ದರ ಮೇಲೆ ಮೂಳೆಯ ಲಕ್ಷಣ. ಕೋಶ ಅದೇ. ಜೆಲ್ ಬದಲಾದರೆ ಕೋಶದ ಹಣೆಬರಹವೇ ಬದಲಾಗುತ್ತದೆ. ಹೀಗಿರುವಾಗ "ಜೆಲ್ ನಮ್ಮ ಪ್ರೋಟೋಕಾಲ್" ಅನ್ನುವುದು ಉತ್ತರವೇ ಅಲ್ಲ.

ಜೆಲ್ ತುಂಬ ದಟ್ಟವಾದರೆ ಆಮ್ಲಜನಕ ಒಳಗೆ ಹೋಗುವುದಿಲ್ಲ. ನಮ್ಮಲ್ಲಿ ಒಂದು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ ಇದೆ: ಬದುಕಿದ ಕೋಶ ಹಸಿರಾಗಿ ಹೊಳೆಯುತ್ತದೆ, ಸತ್ತದ್ದು ಕೆಂಪಾಗಿ. ದೊಡ್ಡ ಮಣಿಯನ್ನು ಎರಡು ದಿನ ಬಿಟ್ಟು ಸೀಳಿ ನೋಡಿದರೆ ಸುತ್ತ ಹಸಿರು ಬಳೆ, ನಡುವೆಲ್ಲ ಕೆಂಪು. ಜೆಲ್ ಬೇಗ ಕರಗಿದರೆ ಕೋಶ ಬೀದಿಪಾಲು. ಕರಗದೇ ಉಳಿದರೆ ಹೊಸ ಅಂಗಾಂಶ ಬೆಳೆಯಲು ಜಾಗ ಇಲ್ಲ. ಕರಗಿದ ಚೂರು ಕೀಲಿನ ಒಳಪೊರೆಗೆ ಕಿರಿಕಿರಿ ಮಾಡಬಾರದು. ಇವೆಲ್ಲ ಹೊಂದುವ ಒಂದು ಪಾಕ ಹಿಡಿಯಲು ಒಂದು ಪಿಎಚ್‌ಡಿಯ ಕಾಲ ಹಿಡಿಯುತ್ತದೆ, ಆಮೇಲೂ ಅದು ಇಲಿಯ ಮಂಡಿಗೆ ಮಾತ್ರ ಸರಿ. ನಮ್ಮ ಗೈಡ್ ಇದನ್ನು ನಗುತ್ತಾ ಹೇಳುತ್ತಾರೆ, ನಮಗೆ ನಗು ಬರುವುದಿಲ್ಲ.

ಈಗ ಮನುಷ್ಯರ ಮಂಡಿಯ ವಿಷಯ. ಇಲ್ಲಿ ನಿಜವಾದ ಕೆಲಸ ನಡೆದಿದೆ, ಅದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಆರೋಗ್ಯವಂತ ದಾನಿಗಳ ಮೂಳೆ ಮಜ್ಜೆಯಿಂದ ಬೆಳೆಸಿದ ಕೋಶಗಳಿಗೆ 2022ರಲ್ಲಿ ಮಂಡಿ ಸವೆತಕ್ಕೆ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಒಪ್ಪಿಗೆಗೆ ಮೊದಲು 146 ರೋಗಿಗಳ ಮೇಲೆ, ಯಾರಿಗೆ ಕೋಶ ಯಾರಿಗೆ ಬರೀ ದ್ರವ ಅಂತ ರೋಗಿಗೂ ವೈದ್ಯರಿಗೂ ತಿಳಿಯದ ಹಾಗೆ ಪರೀಕ್ಷೆ ಮಾಡಿ, ಒಂದು ವರ್ಷ ನೋಡಿದ್ದರು. ಡೋಸ್ ಎಷ್ಟು ಅಂತ ಬರೆದಿದೆ: ಎರಡೂವರೆ ಕೋಟಿ ಕೋಶ, ಅದರ ಹಿಂದೆಯೇ ಹಯಲುರಾನಿಕ್ ಆಮ್ಲ. ಯಾರಿಗೆ ಅಂತಲೂ ಬರೆದಿದೆ: ಸವೆತದ 2 ಮತ್ತು 3ನೇ ಹಂತದವರಿಗೆ, ಪೂರ್ತಿ ಸವೆದವರಿಗೆ ಅಲ್ಲ. ಇದು ಮಂಡಿಯನ್ನು ಹೊಸದಾಗಿಸುವ ಮದ್ದು ಅಂತ ನಾನು ಹೇಳುತ್ತಿಲ್ಲ. ಸಿರಿಂಜಿನಲ್ಲಿ ಏನಿದೆ ಅಂತ ಇಲ್ಲಿ ಗೊತ್ತಿದೆ ಅನ್ನುವುದಷ್ಟೇ ನನ್ನ ಮಾತು.

ಇನ್ನೊಂದು ಕಡೆಯ ಲೆಕ್ಕವನ್ನೂ ಹೇಳಬೇಕು. ಅಮೆರಿಕದಲ್ಲಿ 475 ಮಂಡಿ ಸವೆತದ ರೋಗಿಗಳ ಮೇಲೆ ಮೂರು ಬಗೆಯ ಕೋಶಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿಯದೇ ಮೂಳೆ ಮಜ್ಜೆ, ರೋಗಿಯದೇ ಕೊಬ್ಬಿನ ಕೋಶ, ಹೊಕ್ಕುಳಬಳ್ಳಿಯ ಕೋಶ. ಹೋಲಿಕೆಗೆ ಇಟ್ಟದ್ದು ಮಾಮೂಲಿ ಸ್ಟಿರಾಯ್ಡ್ ಇಂಜೆಕ್ಷನ್. ಒಂದು ವರ್ಷದ ನಂತರ ಮೂರರಲ್ಲಿ ಒಂದೂ ಸ್ಟಿರಾಯ್ಡ್‌ಗಿಂತ ಮೇಲು ಅನ್ನಿಸಲಿಲ್ಲ. ನಮ್ಮ ಊರುಗಳಲ್ಲಿ ಧಾರಾಳವಾಗಿ ಹಾಕುವ ಪಿಆರ್‌ಪಿ, ಅಂದರೆ ರೋಗಿಯ ರಕ್ತ ಗಿರಗಿರ ತಿರುಗಿಸಿ ತೆಗೆದ ಪ್ಲೇಟ್‌ಲೆಟ್, ಅದನ್ನೂ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿದರು. 2021ರ ಆ ವರದಿಯ ಪ್ರಕಾರ ಒಂದು ವರ್ಷದ ಬಳಿಕ ನೋವಿನಲ್ಲೂ, ಮೃದ್ವಸ್ಥಿಯ ಗಾತ್ರದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಕೈಟೋಸಾನ್ ಜೆಲ್ಲಿನ ಕಥೆ ನನಗೆ ಎಲ್ಲಕ್ಕಿಂತ ಪಾಠ ಕಲಿಸಿದ್ದು. ರೋಗಿಯ ರಕ್ತದ ಜೊತೆ ಬೆರೆಸಿ ಮೃದ್ವಸ್ಥಿಯ ಗುಳಿಗೆ ತುಂಬುವ ಜೆಲ್ ಅದು, ಕೆನಡಾದಲ್ಲಿ ತಯಾರಾದದ್ದು. 80 ರೋಗಿಗಳ ಪರೀಕ್ಷೆ, 2013ರಲ್ಲಿ ಪ್ರಕಟ. ಎಂಆರ್‌ಐನಲ್ಲಿ ನೋಡಿದರೆ ಜೆಲ್ ಹಾಕಿದವರ ಗುಳಿ ಚೆನ್ನಾಗಿ ತುಂಬಿತ್ತು, ಅಂಗಾಂಶದ ಗುಣವೂ ಮೇಲಿತ್ತು. ಆದರೆ ನೋವು, ಓಡಾಟ? ಜೆಲ್ ಹಾಕದೆ ಬರೀ ಮೂಳೆಗೆ ಸಣ್ಣ ತೂತು ಕೊರೆದವರಷ್ಟೇ. ಒಂದು ವರ್ಷಕ್ಕೆ ಎರಡೂ ಗುಂಪು ಸಮ. ಸ್ಕ್ಯಾನ್ ತೋರಿಸಿ "ನೋಡಿ ಬೆಳೆದಿದೆ" ಅನ್ನುವವರು ಈ ಅರ್ಧ ಮಾತ್ರ ಹೇಳುತ್ತಾರೆ. ಇನ್ನೊಂದು ವಿಷಯವನ್ನೂ ಬಿಟ್ಟುಬಿಡುತ್ತಾರೆ. ಸ್ವೀಡನ್ನಿನ ಕೋಶ ಆಗಲಿ, ಈ ಜೆಲ್ ಆಗಲಿ, ಆಟ ಆಡುವಾಗ ಬಿದ್ದು ಒಂದು ಕಡೆ ಗುಳಿ ಆದಂಥವರಿಗೆ ಮಾಡಿದ್ದು. ಅರವತ್ತು ದಾಟಿ ಇಡೀ ಮಂಡಿ ಸವೆದವರಿಗೆ ಅಲ್ಲ. ಒಂದರ ಫಲಿತಾಂಶ ತೋರಿಸಿ ಇನ್ನೊಂದಕ್ಕೆ ಮಾರುವ ವ್ಯಾಪಾರ ಚೆನ್ನಾಗಿಯೇ ನಡೆದಿದೆ.

ಸೈಡ್ ಎಫೆಕ್ಟ್ ಇಲ್ಲ ಅನ್ನುವ ಮಾತಿಗೆ ಎರಡು ಉದಾಹರಣೆ ಸಾಕು. ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಮಹಿಳೆಯರು ತಲಾ 5,000 ಡಾಲರ್ ಕೊಟ್ಟು, ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡರು. ಮೂವರ ದೃಷ್ಟಿಯೂ ಹೋಯಿತು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಕರಣ ಇದು. ಆ ಕ್ಲಿನಿಕ್ಕಿನ ಹೆಸರಿನಲ್ಲಿ ಅಲ್ಲಿನ ಸರ್ಕಾರಿ ಟ್ರಯಲ್ (ಮನುಷ್ಯರ ಮೇಲೆ ಚಿಕಿತ್ಸೆಯ ಪರೀಕ್ಷೆ) ನೋಂದಣಿ ಪಟ್ಟಿಯಲ್ಲಿ ಒಂದು ಅಧ್ಯಯನವೂ ಇತ್ತು. ಎರಡನೆಯದು ಸ್ವೀಡನ್ನಿನದು. ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ 2011ರಿಂದ ಪಾವ್ಲೊ ಮಕಿಯಾರಿನಿ ಎಂಬ ಸರ್ಜನ್ ಪ್ಲಾಸ್ಟಿಕ್ ಹಂದರಕ್ಕೆ ರೋಗಿಯದೇ ಸ್ಟೆಮ್ ಸೆಲ್ ಬಿತ್ತಿ ಶ್ವಾಸನಾಳ ಕಸಿ ಮಾಡಿದ. ಜಗತ್ತೇ ಕೊಂಡಾಡಿತು. ಅಲ್ಲಿ ಆಪರೇಷನ್ ಮಾಡಿಸಿಕೊಂಡ ಮೂವರೂ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಎರಡೂ ಕಡೆ ಕೋಶ ರೋಗಿಯದೇ.

ನಮ್ಮ ದೇಶದಲ್ಲಿ ನಿಯಮ ಇಲ್ಲ ಅಂತಲ್ಲ. ಇದೆ, ಚೆನ್ನಾಗಿಯೇ ಇದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಏನು ಹೇಳುತ್ತದೆ? ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಟ್ರಯಲ್‌ನ ಒಳಗೇ ನಡೆಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಸ್ಟೆಮ್ ಸೆಲ್‌ನಿಂದ ತಯಾರಾದ ಉತ್ಪನ್ನವನ್ನು ಹೊಸ ಔಷಧ ಅಂತಲೇ ಕರೆದಿವೆ. ಟ್ರಯಲ್ ಆದರೆ ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡಬೇಕು, ತೊಂದರೆ ಆದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಇಂಜೆಕ್ಷನ್ನಿಗೆ ದುಡ್ಡು ಕೇಳುವ ಹಾಗಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಟ್ರಯಲ್‌ಗೆ ಸೇರಿ ಪುಕ್ಕಟೆ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಹತ್ತಾರು ಪುಟದ ಕನ್ನಡ ಕಾಗದ ಸಿಗುತ್ತದೆ. ಒಡವೆ ಅಡ ಇಟ್ಟು ದುಡ್ಡು ತಂದವರಿಗೆ ಒಂದು ಸಾಲಿನ ಇಂಗ್ಲಿಷ್ ಬಿಲ್.

ಔಷಧಕ್ಕೆ ಒಪ್ಪಿಗೆ ಕೊಡುವುದು ಕೇಂದ್ರದ ಕೆಲಸ, ನಮ್ಮ ಕೈಯಲ್ಲಿ ಇಲ್ಲ ಅಂತ ನಿಮ್ಮ ಇಲಾಖೆ ಹೇಳಬಹುದು. ಒಪ್ಪಿಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಕ್ಲಿನಿಕ್ಕಿಗೆ ನೋಂದಣಿ ಕೊಡುವುದು ರಾಜ್ಯ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಅನ್ವಯಿಸುವ 2007ರ ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ರೋಗಿಗಳ ಹಕ್ಕಿನ ಸನ್ನದು ಸೇರಿಸಿದ್ದೀರಿ. ಚಿಕಿತ್ಸೆ ಏನು, ಖರ್ಚು ಎಷ್ಟು ಅಂತ ತಿಳಿಯುವ ಹಕ್ಕು ಅದರಲ್ಲಿದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. 2024ರಲ್ಲಿ ಅಲೋಪತಿ ಕ್ಲಿನಿಕ್ಕಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು, ಅದರ ಮೇಲೆ ನೋಂದಣಿ ಸಂಖ್ಯೆ ಅಂತ ಸೂಚನೆ ಕೊಟ್ಟದ್ದೂ ನಿಮ್ಮ ಇಲಾಖೆಯೇ. ಬೋರ್ಡಿನ ಬಣ್ಣ ಹೇಳಲು ಅಧಿಕಾರ ಇದ್ದರೆ ಸಿರಿಂಜಿನ ಚೀಟಿ ಕೇಳಲೂ ಇರಬೇಕಲ್ವಾ?

ಚೀಟಿಯಲ್ಲಿ ಇರಬೇಕಾದ್ದು ಜಾಸ್ತಿ ಏನಲ್ಲ. ಕೋಶ ಇತ್ತೋ ಇಲ್ಲವೋ. ಇದ್ದರೆ ಯಾರದು, ದೇಹದ ಯಾವ ಭಾಗದ್ದು, ಲ್ಯಾಬಿನಲ್ಲಿ ಬೆಳೆಸಿದ್ದೋ ಅಥವಾ ಅಲ್ಲೇ ಪಕ್ಕದ ಕೋಣೆಯಲ್ಲಿ ಬೇರ್ಪಡಿಸಿದ್ದೋ, ಸುಮಾರು ಎಷ್ಟು. ಜೆಲ್ ಯಾವುದು, ಯಾವ ಕಂಪನಿಯದು, ಬ್ಯಾಚ್ ನಂಬರ್ ಏನು, ಯಾವ ಪ್ರಾಣಿ ಅಥವಾ ಸಸ್ಯದಿಂದ ಬಂದದ್ದು. ಈ ಕಾಯಿಲೆಗೆ ಇದನ್ನು ಬಳಸಲು ಒಪ್ಪಿಗೆ ಇದೆಯೋ, ಇದ್ದರೆ ಅದರ ಸಂಖ್ಯೆ. ಟ್ರಯಲ್ ಆಗಿದ್ದರೆ ಸಿಟಿಆರ್‌ಐ (ನಮ್ಮ ದೇಶದ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ, ಜೊತೆಗೆ ನೈತಿಕ ಸಮಿತಿಯ ಹೆಸರು. ಬರೀ ನೋಂದಣಿ ಸಂಖ್ಯೆ ತೋರಿಸಿದರೆ ಒಪ್ಪಿಗೆ ಸಿಕ್ಕ ಹಾಗಲ್ಲ ಅಂತ ಫ್ಲೋರಿಡಾ ಹೇಳಿಕೊಟ್ಟಿದೆ. ಕೊನೆಗೆ, ಮಂಡಿ ಊದಿಕೊಂಡರೆ, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು.

ಪ್ರಾಣಿ ಮೂಲ ಯಾಕೆ ಬೇಕು ಅಂತ ಕೆಲವರು ಮೂಗು ಮುರಿಯಬಹುದು. ಎರಡು ಕಾರಣ. ಸಿಗಡಿ ತಿಂದರೆ ಮೈಯೆಲ್ಲ ದದ್ದು ಏಳುವವರು ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೈಟೋಸಾನ್ ಬರುವುದು ಅದೇ ಚಿಪ್ಪಿನಿಂದ. ಹುಂಜದ ಜುಟ್ಟಿನ ಹಯಲುರಾನಿಕ್ ಆಮ್ಲದ ಪೊಟ್ಟಣದೊಳಗಿನ ಹಾಳೆಯಲ್ಲೇ ಕೋಳಿ, ಮೊಟ್ಟೆ ಅಲರ್ಜಿ ಇರುವವರ ಬಗ್ಗೆ ಎಚ್ಚರಿಕೆ ಇರುತ್ತದೆ. ಆ ಹಾಳೆ ಡಸ್ಟ್‌ಬಿನ್ನಿಗೆ ಹೋಗುತ್ತದೆ, ರೋಗಿಯ ಕೈಗೆ ಬರುವುದಿಲ್ಲ. ಇನ್ನೊಂದು ಕಾರಣ ನಂಬಿಕೆಯದು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಮ್ಮ ದೊಡ್ಡಮ್ಮನ ಮಂಡಿಯಲ್ಲಿ ಯಾವ ಪ್ರಾಣಿಯ ಜೆಲಟಿನ್ ಇದೆಯೋ ಗೊತ್ತಿಲ್ಲ. ಹಂದಿಯದು ಬೇಡ ಅನ್ನುವ ರೋಗಿ ಇದ್ದಾರೆ, ದನದ್ದು ಬೇಡ ಅನ್ನುವವರೂ ಇದ್ದಾರೆ. ಪರವಾಗಿಲ್ಲ, ಕಾಲು ಸರಿ ಹೋದರೆ ಸಾಕು ಅನ್ನುವವರೇ ಬಹಳ ಜನ ಇರಬಹುದು. ಆದರೆ ಅದನ್ನು ಹೇಳಬೇಕಾದವರು ಅವರು.

ಹಂದಿಯ ಅಂಗಾಂಶ ಅಂದ ಮಾತ್ರಕ್ಕೆ ಕೀಳು ಅಂತ ಯಾರೂ ತಿಳಿಯಬಾರದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಕೋಶಗಳನ್ನೆಲ್ಲ ತೊಳೆದು, ಉಳಿದ ಹಂದರವನ್ನು ಗಾಯಕ್ಕೆ ಹಾಕುವ ಪಟ್ಟಿಯಾಗಿ ಮಾಡಿ, ಕೇಂದ್ರದ ಒಪ್ಪಿಗೆಯನ್ನೂ ಪಡೆದಿದೆ. ಹೆಸರು ಕೋಲಿಡರ್ಮ್. ಅದನ್ನು ಹಂದಿಯ ಪಿತ್ತಕೋಶದ್ದು ಅಂತ ಹೇಳಿಯೇ ಲೋಕಕ್ಕೆ ತಿಳಿಸಿದರು. ಯಾವ ಆಕಾಶವೂ ಬೀಳಲಿಲ್ಲ.

ಚೀಟಿಯ ಉಪಯೋಗ ಮುಂದೆಯೂ ಇದೆ. ಇವತ್ತು ಇಂಜೆಕ್ಷನ್ ಹಾಕಿಸಿಕೊಂಡವರಲ್ಲಿ ಹಲವರು ಮುಂದೆ ಮಂಡಿ ಬದಲಾವಣೆ ಆಪರೇಷನ್ನಿಗೆ ಬರುತ್ತಾರೆ. ಆಪರೇಷನ್ನಿಗೆ ಹಿಂದಿನ 3 ತಿಂಗಳಲ್ಲಿ ಕೀಲಿಗೆ ಚುಚ್ಚಿದ್ದರೆ ಸೋಂಕಿನ ಅಪಾಯ ಹೆಚ್ಚು ಅಂತ ಮೂಳೆ ವೈದ್ಯರು ಹುಷಾರಾಗಿರುತ್ತಾರೆ. "ಹಿಂದೆ ಏನು ಹಾಕಿಸಿಕೊಂಡಿದ್ದಿರಿ, ಯಾವಾಗ?" ಅಂತ ಅವರು ಕೇಳಿದಾಗ "ಜೆಲ್ಲು" ಅನ್ನುವುದು ಉತ್ತರ ಆಗುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಫೈಲು ತೆಗೆದು ನೋಡಿ. ಕಂಪನಿ, ಅಳತೆ, ಬ್ಯಾಚ್ ಇರುವ ಸ್ಟಿಕ್ಕರ್ ಅಂಟಿಸಿರುತ್ತಾರೆ. ಕೃತಕ ಮಂಡಿಗೂ ಹಾಗೆಯೇ, ಅದರ ಬೆಲೆಗೂ 2017ರಲ್ಲೇ ಕೇಂದ್ರ ಮಿತಿ ಹಾಕಿದೆ. ಅದೇ ಮಂಡಿಗೆ ಚುಚ್ಚುವ ವಸ್ತುವಿಗೆ ಮಾತ್ರ ಸ್ಟಿಕ್ಕರೂ ಇಲ್ಲ, ಮಿತಿಯೂ ಇಲ್ಲ.

ಚೀಟಿ ಕೊಟ್ಟರೆ ಯಾರು ಓದುತ್ತಾರೆ ಅಂತ ಒಬ್ಬ ಪರಿಚಯದ ವೈದ್ಯರು ನನ್ನನ್ನೇ ಕೇಳಿದರು. ದೊಡ್ಡಮ್ಮ ಓದಲಿಕ್ಕಿಲ್ಲ, ನಿಜ. ಅವರ ಮಗ ಓದುತ್ತಾನೆ, ಪಕ್ಕದ ಬೀದಿಯ ಮೆಡಿಕಲ್ ಶಾಪಿನವರು ಓದುತ್ತಾರೆ, ಮುಂದಿನ ವೈದ್ಯರು ಓದುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಬರೆಯುವವರು ಒಮ್ಮೆ ಓದಬೇಕಾಗುತ್ತದೆ. 'ಒಪ್ಪಿಗೆ ಸಂಖ್ಯೆ' ಅನ್ನುವ ಜಾಗ ಖಾಲಿ ಬಿಟ್ಟು ಸಹಿ ಹಾಕಲು ಎಷ್ಟು ಜನರ ಕೈ ಬಂದೀತು? ನಿಯತ್ತಾಗಿ ಕೆಲಸ ಮಾಡುವ ವೈದ್ಯರಿಗೆ ಇದರಿಂದ ಎರಡು ನಿಮಿಷದ ಕೆಲಸ ಅಷ್ಟೇ, ಎಲ್ಲ ವಿವರವೂ ಅವರ ಬಳಿ ಇದ್ದೇ ಇರುತ್ತದೆ.

ನಮ್ಮಂಥ ಲ್ಯಾಬುಗಳಿಗೂ ಇದು ಬೇಕು, ಅದನ್ನು ಮುಚ್ಚಿಡುವುದಿಲ್ಲ. ನಾಳೆ ಒಂದು ಒಳ್ಳೆಯ ಜೆಲ್ ತಯಾರಾಗಿ ಮನುಷ್ಯರ ಮೇಲೆ ಪರೀಕ್ಷೆಗೆ ಬಂತು ಅಂದುಕೊಳ್ಳಿ. ಇತ್ತೀಚೆಗೆ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡವರನ್ನು ಇಂಥ ಟ್ರಯಲ್‌ಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಏನು, ಯಾವಾಗ ಹಾಕಿದ್ದು ಅಂತಲೇ ಗೊತ್ತಿಲ್ಲದವರನ್ನು ಸೇರಿಸುವುದು ಹೇಗೆ? ಒಮ್ಮೆ ದುಡ್ಡು ಕಳೆದುಕೊಂಡವರು, "ಸ್ಟೆಮ್ ಸೆಲ್ಲಾ, ಅದೆಲ್ಲ ಮೋಸ" ಅಂತ ಊರೆಲ್ಲ ಹೇಳಿಕೊಂಡು ಬಂದರೆ ಅದನ್ನು ತಪ್ಪು ಅನ್ನಲೂ ಆಗುವುದಿಲ್ಲ.

ಈ ಪತ್ರ ಓದುತ್ತಿರುವ ಉಳಿದವರಿಗೂ ಒಂದು ಮಾತು. ಆದೇಶ ಬರುವ ತನಕ ಕಾಯಬೇಕಾಗಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ದುಡ್ಡು ಕಟ್ಟುವ ಮೊದಲೇ ಕೇಳಿ: ಏನು ಹಾಕುತ್ತೀರಿ, ಬರೆದು ಕೊಡಿ. ಬರೆದು ಕೊಡಲು ಒಪ್ಪದಿದ್ದರೆ ಎದ್ದು ಬನ್ನಿ, ಮಂಡಿ ಸವೆತ ಇವತ್ತು ನಾಳೆಯಲ್ಲಿ ಕೈ ಮೀರುವ ಕಾಯಿಲೆ ಅಲ್ಲ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ಒಳ್ಳೆಯ ಫಿಸಿಯೋಥೆರಪಿ, ಇವಕ್ಕೆ ಇರುವಷ್ಟು ಪುರಾವೆ ಈ ಇಂಜೆಕ್ಷನ್ನುಗಳಿಗೆ ಇನ್ನೂ ಇಲ್ಲ. ಜೆಲ್ ಮಾಡುವವಳೇ ಹೇಳುತ್ತಿದ್ದೇನೆ.

ಮಾನ್ಯರೇ, ಚೀಟಿಯ ಒಂದು ಮಾದರಿಯನ್ನು ಕನ್ನಡದಲ್ಲಿ, ಒಂದೇ ಪುಟಕ್ಕೆ ಆಗುವಂತೆ ನಾನೂ ನನ್ನ ಸಹಪಾಠಿಗಳೂ ಬರೆದು ಇಟ್ಟಿದ್ದೇವೆ. ಒಬ್ಬರು ಮೂಳೆ ವೈದ್ಯರು, ಒಬ್ಬರು ನರ್ಸ್ ಅದನ್ನು ನೋಡಿ ತಿದ್ದಿದ್ದಾರೆ. ಇದರ ಜೊತೆಗೆ ನಿಮ್ಮ ಕಚೇರಿಗೂ, ಆರೋಗ್ಯ ಆಯುಕ್ತರಿಗೂ ಅದರ ಪ್ರತಿ ಕಳಿಸುತ್ತಿದ್ದೇವೆ. ಮೊದಲು ಒಂದು ಜಿಲ್ಲೆಯಲ್ಲಿ ಮಾಡಿ ನೋಡುವುದಾದರೂ ಆಗಬಹುದು. ಯಾವ ಜಿಲ್ಲೆ, ಎಂದಿನಿಂದ ಅಂತ ತಿಳಿಸಿದರೆ ತಾಲ್ಲೂಕು ಮಟ್ಟದಲ್ಲಿ ವೈದ್ಯರಿಗೂ ಸಿಬ್ಬಂದಿಗೂ ಅದನ್ನು ತುಂಬುವುದು ಹೇಗೆ ಅಂತ ತೋರಿಸಿಕೊಡಲು ನಾವು ಬರುತ್ತೇವೆ.

ಇಂತಿ,
ಬಯೋಮೆಟೀರಿಯಲ್ ವಿಭಾಗದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ,
ಬೆಂಗಳೂರು